ಎಡಗಡೆಯ ಜಾಗ

ಮಮತಾ ಡಂಬಳದವಳು. ಗದಗ–ಮುಂಡರಗಿ ರಸ್ತೆಯಲ್ಲಿ ಪ್ಯಾಡೆಲ್ ಎಂಬ ರ್‍ಯಾಕೆಟ್ ಆಟದ ಅಂಕಣ ಶುರುವಾದಾಗ ಅದರ ಕಚೇರಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು. ಟೆನಿಸ್‌ಗಿಂತ ಚಿಕ್ಕ ಅಂಕಣ, ಹಿಂದೆ ಗಾಜಿನ ಗೋಡೆ. ನೆಲಕ್ಕೊಮ್ಮೆ ಪುಟಿದು ಗಾಜಿಗೆ ಬಡಿದು ಬಂದ ಚೆಂಡನ್ನೂ ಆಡಬಹುದು. ಇಬ್ಬರ ಎದುರು ಇಬ್ಬರು. ನಾಲ್ವರಲ್ಲಿ ಒಬ್ಬರು ಬಾರದಿದ್ದರೆ ಉಳಿದವರು ಮಮತಾಳನ್ನು ಕರೆಯುತ್ತಿದ್ದರು.

ಅವಳದು ಕಾಲೇಜಿನಲ್ಲಿ ವಾಲಿಬಾಲ್ ಆಡಿದ ಕೈ, ಹೊಡೆಯುವುದೊಂದೇ ಗೊತ್ತು. ಬೆಟಗೇರಿಯ ಮೆಣಸಿನಕಾಯಿ ಸಾವುಕಾರ ಹುಚ್ಚೀರಪ್ಪನವರದೂ ಅದೇ ಆಟ. ಒಂದು ದಿನ ಜೋಡಿಯಾಗಿ ಆಡುವಾಗ ಒಂದೇ ಚೆಂಡಿಗೆ ಇಬ್ಬರೂ ನುಗ್ಗಿದಾಗ ಅವರು ರ್‍ಯಾಕೆಟ್ ಕೆಳಗಿಳಿಸಿ ಹೇಳಿದರು: “ನೀನೂ ಹೊಡಿತಿ, ನಾನೂ ಹೊಡಿತೀನಿ. ಹಿಂದ ನಿಲ್ಲಾವ್ರು ಯಾರು?”

ಸಾವುಕಾರರು ಹಿಂದೆ ನಿಲ್ಲುವವರಲ್ಲ. ಹೊಡೆಯುವವರಿಗೆ ಅನುಕೂಲವಾದ ಎಡಗಡೆಯ ಜಾಗವನ್ನು ಅವರು ಯಾರಿಗೂ ಬಿಟ್ಟವರೂ ಅಲ್ಲ. ಮಮತಾ ಬಲಕ್ಕೆ ಸರಿದಳು. ಚೆಂಡು ತನ್ನನ್ನು ದಾಟಿ ಹೋಗಲು ಬಿಟ್ಟು, ಗಾಜಿನಿಂದ ತಿರುಗಿ ಬರುವವರೆಗೆ ಕಾಯುವುದನ್ನು ಮೂರು ತಿಂಗಳಲ್ಲಿ ಕಲಿತಳು. ಲಕ್ಷ್ಮೇಶ್ವರದಿಂದ ಬರುವ ಬ್ಯಾಂಕಿನ ಸುಶ್ಮಿತಾಗೆ ನೆಟ್ ಹತ್ತಿರ ಹೋಗಲು ಅಂಜಿಕೆ. ಅವಳ ಜೊತೆಗಿದ್ದಾಗ ಮಮತಾಳೇ ಮುಂದೆ ನಿಲ್ಲಬೇಕಾಗುತ್ತಿತ್ತು. ಹೀಗೆ ಯಾರ ಜೊತೆ ಆಡಿದರೆ ಅವರ ಕೊರತೆಯನ್ನು ತುಂಬುವುದು ಅವಳಿಗೆ ರೂಢಿಯಾಯಿತು.

ಶ್ರಾವಣದಲ್ಲಿ ಪಂದ್ಯಾವಳಿ ನಿಗದಿಯಾಯಿತು. ಎಂಟು ಜೋಡಿಗಳ ಹೆಸರನ್ನು ಹಲಗೆಯ ಮೇಲೆ ಮಮತಾಳೇ ಬರೆದಳು. ಅದರಲ್ಲಿ ಅವಳ ಹೆಸರಿರಲಿಲ್ಲ. ಯಾರೂ ಬೇಕಂತಲೇ ಬಿಟ್ಟಿರಲಿಲ್ಲ, ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ ಅಷ್ಟೇ. ಅವಳಿಗೆ ಅದರಿಂದಲೇ ಹೆಚ್ಚು ನೋವಾಯಿತು.

ಪಂದ್ಯದ ಹಿಂದಿನ ದಿನ ಹುಚ್ಚೀರಪ್ಪನವರ ಜೊತೆಗಾರ ವೀರು ಕಾಲು ಉಳುಕಿಸಿಕೊಂಡ. ಸಾವುಕಾರರು ಕಚೇರಿಗೆ ಬಂದು, ನಾಳೆ ನೀನೇ ಆಡಬೇಕಾಗುತ್ತದೆ ಎಂದರು.

“ಆಡ್ತೀನ್ರಿ. ಆದ್ರ ಎಡಗಡೆ ನಾ ನಿಲ್ತೀನಿ,” ಎಂದಳು ಮಮತಾ.

ಅವರಿಗೆ ಬೇರೆ ದಾರಿಯಿರಲಿಲ್ಲ. “ಆತು” ಎಂದು ಹೊರಟುಹೋದರು.

ಮರುದಿನ ಎದುರಾಳಿಗಳು ಹುಬ್ಬಳ್ಳಿಯವರು. ಬಲಗಡೆ ನಿಂತ ಸಾವುಕಾರರಿಗೆ ಕಾಯಲು ಬರುವುದಿಲ್ಲವೆಂದು ಐದೇ ನಿಮಿಷದಲ್ಲಿ ತಿಳಿದುಕೊಂಡರು. ಚೆಂಡನ್ನೆಲ್ಲ ಎತ್ತರಕ್ಕೆ ಎತ್ತಿ ಅವರ ತಲೆಯ ಮೇಲಿಂದಲೇ ಕಳಿಸಿದರು. ಮೊದಲ ಸೆಟ್ 6–2ರಿಂದ ಹೋಯಿತು.

ಎಡಗಡೆಯ ಜಾಗವನ್ನು ಕೇಳಿ ಪಡೆದವಳು ಎರಡನೇ ಸೆಟ್ಟಿನಲ್ಲಿ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸಾವುಕಾರರನ್ನು ನೆಟ್ಟಿಗೆ ಕಳಿಸಿ, ಹಿಂದಿನ ಎರಡೂ ಮೂಲೆಗಳನ್ನು ತಾನೇ ಓಡಾಡಿ ಕಾಯ್ದಳು. ಅಷ್ಟರಲ್ಲಿ ಕಪ್ಪತಗುಡ್ಡದ ಕಡೆಯಿಂದ ಗಾಳಿ ಎದ್ದಿತು. ಹುಬ್ಬಳ್ಳಿಯವರು ಎತ್ತಿದ ಚೆಂಡುಗಳು ಅರ್ಧಕ್ಕೇ ಬೀಳತೊಡಗಿದವು. ಮಮತಾ ಮುಂದೆ ಬಂದು ಹೊಡೆದಳು. ಆ ಸೆಟ್ ಮಮತಾ–ಸಾವುಕಾರರ ಜೋಡಿಗೆ ಬಂತು. ಮೂರನೆಯದರಲ್ಲಿ ಗಾಳಿ ನಿಂತಿತು, ಅವಳ ಕಾಲುಗಳೂ ಸೋತವು. 7–5ರಿಂದ ಸೋತರು. ಸಾವುಕಾರರು ಎದುರಾಳಿಗಳ ಕೈ ಕುಲುಕಿ ನೇರವಾಗಿ ಕಾರು ಹತ್ತಿದರು.

ಸೋಮವಾರ ಬೆಳಿಗ್ಗೆ ಆರಕ್ಕೆ ಅವಳು ಬಾಗಿಲು ತೆಗೆಯುವಾಗ ಹುಚ್ಚೀರಪ್ಪನವರು ಒಬ್ಬರೇ ನಿಂತಿದ್ದರು.

“ಗಾಜಿಗೆ ಬಡದು ಬರೂದನ್ನ ಹೆಂಗ ತಗೋಬೇಕು, ತೋರ್ಸವಾ,” ಎಂದರು.

ಅವಳು ಬುಟ್ಟಿಯ ತುಂಬ ಚೆಂಡು ತಂದು ಒಂದೊಂದಾಗಿ ಎಸೆದಳು. ಮೊದಲ ಹನ್ನೊಂದಕ್ಕೂ ಅವರು ಅವಸರ ಮಾಡಿದರು. ಹನ್ನೆರಡನೆಯದಕ್ಕೆ ಕಾದರು. ಚೆಂಡು ನೆಟ್ ದಾಟಿತು. ಮಮತಾ ಇನ್ನೊಂದು ಎಸೆದಳು.