ರಂಜಿತ ಬರೆದ ಹಳದಿ ಹಾಳೆ

ರವೀಂದ್ರನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಇನ್ನೊಬ್ಬರಿಗೆ ಅಡ್ಡಹೆಸರು ಇಡುವುದು. ಒಂಬತ್ತನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದು, ತಂಗಿ ರಂಜಿತಳ ಜೊತೆಗೇ ಹತ್ತನೇ ಕ್ಲಾಸಿಗೆ ಬಂದು ಕೂತಿದ್ದ ಮಹಾನುಭಾವ. ಹನ್ನೆರಡರ ಮಗ್ಗಿ ಕೇಳಿದರೆ ಸೂರು ನೋಡುತ್ತಿದ್ದ. ಆದರೆ ನಲವತ್ತು ಮಕ್ಕಳಿಗೂ ತಲೆಗೊಂದು ಹೆಸರಿಟ್ಟು ಮುಗಿಸಿದ್ದ. ಅಪ್ಪ ಚಿಕ್ಕಸ್ವಾಮಿಗೆ ನಾಲೆಯ ಕೆಳಗೆ ಆರೆಕರೆ ಗದ್ದೆ, ಹಟ್ಟಿ ತುಂಬ ಸೀಮೆಹಸು. ಹೀಗಾಗಿ ಮಗ ಏನು ಬೊಗಳಿದರೂ ಅದು ಊರಿಗೆ ತಮಾಷೆಯಾಗಿಯೇ ಕೇಳಿಸುತ್ತಿತ್ತು.

ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ನರಸಯ್ಯನ ಮಗ ನಾಗಾರ್ಜುನನಿಗೆ ಅವನು ಇಟ್ಟ ಹೆಸರು ‘ಕೆಟ್ಟ ಎಂಜಿನ್’. ನಾಗಾರ್ಜುನನಿಗೆ ಉಗ್ಗು. ಲೆಕ್ಕದಲ್ಲಿ ಕ್ಲಾಸಿಗೇ ಮೊದಲಿಗ, ಆದರೆ ಉತ್ತರ ಹೇಳಲು ಎದ್ದರೆ ಮೊದಲ ಅಕ್ಷರದಲ್ಲೇ ನಾಲಗೆ ಸಿಕ್ಕಿಕೊಳ್ಳುತ್ತಿತ್ತು. ಕೂಡಲೇ ಹಿಂದಿನ ಬೆಂಚಿನಿಂದ ನಾಲೆಗೆ ಹಾಕಿದ ಡೀಸೆಲ್ ಎಂಜಿನ್ನಿನ ಸದ್ದು ಶುರುವಾಗುತ್ತಿತ್ತು, ಡುಗ್ ಡುಗ್ ಡುಗ್. ಇಡೀ ಕ್ಲಾಸು ದನಿಗೂಡಿಸುತ್ತಿತ್ತು. ಪಾಠ ಹೇಳುವ ಮುದ್ದಯ್ಯ ಮೇಷ್ಟರು ಬೋರ್ಡಿನ ಕಡೆ ತಿರುಗಿಕೊಂಡು ನಗುತ್ತಿದ್ದರು. ತಿರುಗಿ ನಕ್ಕರೆ ಅದು ನಕ್ಕ ಲೆಕ್ಕಕ್ಕೆ ಬರುವುದಿಲ್ಲವೆಂದು ಆ ಪುಣ್ಯಾತ್ಮ ತಿಳಿದಿದ್ದರೋ ಏನೋ.

ತೊಂಬತ್ತಾರನೇ ಇಸವಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತಿಂಗಳಿತ್ತು. ಎಲ್ಲರ ಕೈಯಲ್ಲೂ ಆಟೋಗ್ರಾಫ್ ಪುಸ್ತಕಗಳು ಓಡಾಡುತ್ತಿದ್ದವು. ಅಗಲುವ ಹೊತ್ತಿಗೆ ಒಬ್ಬರಿಗೊಬ್ಬರು ನಾಲ್ಕು ಒಳ್ಳೆಯ ಮಾತು ಬರೆದುಕೊಡುವುದು ವಾಡಿಕೆ. ನಾಗಾರ್ಜುನನೂ ಶ್ರೀರಂಗಪಟ್ಟಣಕ್ಕೆ ಹೋಗಿ ಗುಲಾಬಿ, ಹಸಿರು, ಹಳದಿ ಹಾಳೆಗಳ ಪುಸ್ತಕವೊಂದನ್ನು ತಂದ. ಈ ಜನರಿಂದ ಒಳ್ಳೆಯ ಮಾತು ಬಯಸಿದ್ದೇ ಅವನು ಮಾಡಿದ ತಪ್ಪು. ರವೀಂದ್ರ ಅದನ್ನು ಕಿತ್ತುಕೊಂಡು, ಮೊದಲ ಹಾಳೆಯಲ್ಲೇ ‘ಕೆಟ್ಟ ಎಂಜಿನ್ನಿಗೆ ಗುಜರಿಯೇ ಗತಿ’ ಎಂದು ಗೀಚಿ ಮುಂದಿನ ಬೆಂಚಿಗೆ ದಾಟಿಸಿದ. ಪುಸ್ತಕ ಕ್ಲಾಸೆಲ್ಲ ಸುತ್ತಿತು. ಒಬ್ಬನನ್ನು ನೋಡಿ ಒಬ್ಬ, ಕುರಿಮಂದೆಯ ಹಾಗೆ, ಅಂಥದ್ದನ್ನೇ ಬರೆದರು. ರಂಜಿತಳೂ ಬರೆದಳು. ಅಣ್ಣನ ಒರಟು ಮಾತಿಗಿಂತ ತನ್ನದು ಚುರುಕಾಗಿರಬೇಕೆಂದು ಯೋಚಿಸಿ, ದುಂಡಕ್ಷರದಲ್ಲಿ ಒಂದು ಸಾಲು ಬರೆದು, ಕೆಳಗೊಂದು ಹೂವನ್ನೂ ಬಿಡಿಸಿದಳು. ಗೆಳತಿಯರು ಓದಿ ಬಿದ್ದು ಬಿದ್ದು ನಕ್ಕಾಗ ಅವಳಿಗೆ ಹೆಮ್ಮೆಯೇ ಆಯಿತು.

ಮಾರನೆಯ ದಿನದಿಂದ ನಾಗಾರ್ಜುನ ಶಾಲೆಗೆ ಬರಲಿಲ್ಲ. ಹತ್ತು ದಿನ ಕಳೆದ ಮೇಲೆ ಮುದ್ದಯ್ಯ ಮೇಷ್ಟರು, “ಅವ್ನು ನಾಳೆ ಬಂದು ರುಜು ಹಾಕಿ ಹಾಲ್ ಟಿಕೇಟ್ ಈಸ್ಕೊಳ್ದಿದ್ರೆ ವಾಪಸ್ ಕಳಿಸ್ಬುಡ್ತೀನಿ. ಆಮೇಲೆ ನಂಗೇನೂ ಗೊತ್ತಿಲ್ಲ” ಎಂದು ಕೈತೊಳೆದುಕೊಂಡರು. ರವೀಂದ್ರ ಹಿಂದಿನಿಂದ, “ಎಂಜಿನ್ ಸೀಜಾಗೋಗದೆ ಬುಡಿ ಸಾ” ಎಂದ. ಎಲ್ಲರೂ ನಕ್ಕರು. ರಂಜಿತಳಿಗೆ ಮಾತ್ರ ಆವತ್ತು ನಗು ಬರಲಿಲ್ಲ. ಅಣ್ಣನನ್ನು ನೋಡಿ ಹೇಸಿಗೆಯಾಯಿತು. ಸಂಜೆ ಮನೆಯಲ್ಲಿ ಅಪ್ಪನಿಗೆ ಹೇಳಿದರೆ ಅವನು ಹೊಗೆಸೊಪ್ಪು ಉಗಿದು, “ಗಂಡುಡುಗ್ರು ಅಂಗೇ ಕಣವ್ವ” ಎಂದ. ಇವರೆಲ್ಲರಿಗಿಂತ ತಾನು ಮೇಲೆಂದು ತೋರಿಸಿಕೊಳ್ಳಲು ಇದೇ ಸಮಯ ಎನ್ನಿಸಿತು ಅವಳಿಗೆ. ದೊಡ್ಡ ಉಪಕಾರ ಮಾಡುವವಳ ಹಾಗೆ ತಲೆಯೆತ್ತಿಕೊಂಡು ನರಸಯ್ಯನ ಮನೆಗೆ ಹೊರಟಳು. ಹುಟ್ಟಿದ ಊರೇ ಆದರೂ ಆ ಬೀದಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

ನಾಗಾರ್ಜುನನ ತಾಯಿ ಪಾರ್ವತಮ್ಮ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಇವಳನ್ನು ಕಂಡು ಗಡಬಡಿಸಿ ಎದ್ದು ಚಾಪೆ ಹಾಸಿದಳು.

“ಬನ್ರವ್ವ, ಚಿಕ್ಕಸ್ವಾಮಣ್ಣೋರ ಮಗಳಲ್ವಾ? ಕೂತ್ಕಳಿ. ನಾಗ ಇತ್ಲಲ್ಲಿ ಸೌದೆ ಒಡೀತಾವ್ನೆ. ಒಟ್ಟೆನೋವು, ಪರೀಕ್ಸೆ ಬರಿಯಾಕಿಲ್ಲ ಅಂತಾನೆ. ಒಟ್ಟೆನೋವು ಇರೋನು ಸೌದೆ ಒಡೆದಾನಾ? ಏನಾಗದೆ ಅಂತ ಬಾಯೇ ಬುಡ್ತಿಲ್ಲ.”

ರಂಜಿತ ಹಾಲ್ ಟಿಕೇಟಿನ ವಿಷಯ ಹೇಳಿದಳು. ಪಾರ್ವತಮ್ಮನ ಮುಖ ಅರಳಿತು.

“ನಮ್ ಬೀದಿಗಂಟ ನೀವೇ ಬಂದ್ರಲ್ಲವ್ವ. ಬರದೆ ಇರ್ತೀರಾ, ಅವ್ನ ಮ್ಯಾಲೆ ನಿಮ್ಗೆಲ್ಲ ಅಷ್ಟು ಪಿರೂತಿ. ಆ ಪುಸ್ತಕ ತಂದ ದಿನ ಪೂರಾ ಓದಿ ಯೋಳ್ದ ಕಣವ್ವ. ನಾನು ಕಣ್ಣಲ್ಲಿ ನೀರು ಆಕಂಡೆ. ಗುಲಾಬಿ ಹಾಳೆ ನಿಮ್ಮಣ್ಣಂದಲ್ವಾ? ‘ನಿನ್ನ ನೋಡಿ ನಾನು ಲೆಕ್ಕ ಕಲ್ತೆ, ಒಂದಿನ ನಿಮ್ಮನೇಗ್ ಬಂದು ಉಂಡೋಯ್ತೀನಿ’ ಅಂತ ಬರ್ದವ್ನೆ.”

ರಂಜಿತಳಿಗೆ ಅರ್ಥವಾಯಿತು. ನಲವತ್ತು ಜನ ಬರೆದ ಹೊಲಸನ್ನು ಆ ಹುಡುಗ ತಾಯಿಯ ಮುಂದೆ ಕೂತು, ಒಂದೊಂದೇ ಹಾಳೆ ತಿರುವುತ್ತಾ ಒಳ್ಳೆಯ ಮಾತಾಗಿ ಓದಿದ್ದ. ಅಷ್ಟು ಒಳ್ಳೆಯದು ಅವರಲ್ಲಿ ಯಾರೊಬ್ಬರ ಮನಸ್ಸಿನಲ್ಲೂ ಇರಲಿಲ್ಲ.

ಪಾರ್ವತಮ್ಮ ಒಳಗೆ ಹೋಗಿ ಪೆಟ್ಟಿಗೆಯಿಂದ ಪುಸ್ತಕ ತಂದು ಅವಳ ಕೈಗಿಟ್ಟಳು. “ಇನ್ನೊಂದ್ಸಲ ಓದ್ಲಾ ಅಂದ್ರೆ ಒಲ್ಲೆ ಅಂತಾನೆ. ನಂಗೆ ಅಕ್ಸರ ಬರಾಕಿಲ್ಲ. ನೀವಾದ್ರೂ ಓದ್ರವ್ವ.”

ಗುಲಾಬಿ ಹಾಳೆಯನ್ನು ರಂಜಿತ ಈಗ ತಾನೇ ಕೇಳಿದ ಹಾಗೆ ಓದಿದಂತೆ ಮಾಡಿದಳು. ಪಾರ್ವತಮ್ಮ ತಲೆದೂಗಿದಳು. ಹಸಿರು ಹಾಳೆ ಬಂತು. ಅದರಲ್ಲಿದ್ದದ್ದು ಬಾಯಲ್ಲಿ ಆಡುವ ಮಾತಲ್ಲ. ಏನಾದರೊಂದು ಕಟ್ಟಿ ಹೇಳೋಣವೆಂದರೆ, ಒಬ್ಬರ ಬಗ್ಗೆ ಒಂದು ಒಳ್ಳೆಯ ಮಾತು ಕಟ್ಟಿ ಅಭ್ಯಾಸವೇ ಇರಲಿಲ್ಲ ಅವಳಿಗೆ. “ನೀ... ನೀನು ಒ... ಒಳ್ಳೇ ಹುಡುಗ” ಎಂದು ತಡವರಿಸಿದಳು.

“ಅದಲ್ವಲ್ಲ” ಎಂದಳು ಪಾರ್ವತಮ್ಮ. “ಅಸ್ರು ಹಾಳೇಲಿ ಯಾರೋ ಅವ್ರ ತ್ವಾಟಕ್ಕೆ ಎಳ್ನೀರು ಕುಡಿಯಾಕೆ ಕರ್ದವ್ರೆ.”

ರಂಜಿತ ತಟ್ಟನೆ ಪುಸ್ತಕ ಮುಚ್ಚಿದಳು. ಪಾರ್ವತಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಪುಸ್ತಕವನ್ನು, ಆಮೇಲೆ ಸೌದೆ ಒಡೆಯುವ ಸದ್ದು ಬರುತ್ತಿದ್ದ ಹಿತ್ತಲನ್ನು ನೋಡಿದಳು. ಅಕ್ಷರ ಬಾರದಿದ್ದರೂ ಅವಳಿಗೆ ಎಲ್ಲವೂ ತಿಳಿಯಿತು. ಮತ್ತೆ ಮಾತಾಡಿದಾಗ ದನಿಯಲ್ಲಿ ಮರ್ಯಾದೆ ಉಳಿದಿರಲಿಲ್ಲ.

“ಊವಿನ ಚಿತ್ರ ಇರೋ ಹಳದಿ ಹಾಳೆ ನಿಂದು. ‘ನಿದಾನಕ್ಕೆ ಯೋಳು, ನಾನು ಕಾಯ್ತೀನಿ’ ಅಂತ ನೀನು ಬರ್ದಿದ್ದೀಯ ಅಂದ ನನ್ ಮಗ. ಈಗ ಅದ್ರಲ್ಲಿ ಇರೋದ್ನ ಇದ್ದಂಗೆ ಓದು.”

ರಂಜಿತ ಅಳತೊಡಗಿದಳು. ಆ ಅಳುವಿಗೆ ಅಲ್ಲಿ ಕವಡೆ ಕಾಸಿನ ಬೆಲೆಯೂ ಸಿಗಲಿಲ್ಲ. “ಓದು” ಎಂದಳು ಪಾರ್ವತಮ್ಮ ಇನ್ನೊಮ್ಮೆ.

“ಮು... ಮುಂದಿನ ಜನ್ಮದಲ್ಲಾದರೂ... ನಾ... ನಾಲಗೆ ಇಟ್ಟುಕೊಂಡು ಹುಟ್ಟು.”

ಕೊನೆಯ ಅಕ್ಷರದವರೆಗೂ ಪಾರ್ವತಮ್ಮ ಅವಸರ ಮಾಡದೆ ಕಾದಳು. ಬೈಯಲಿಲ್ಲ, ಶಪಿಸಲಿಲ್ಲ. ಹಿತ್ತಲಿನ ಕಡೆ ತಿರುಗಿ ಮಗನನ್ನು ಕೂಗಿದಳು. ನಾಗಾರ್ಜುನ ಬಂದವನು ರಂಜಿತಳನ್ನೂ ಅವಳ ಕೈಯಲ್ಲಿದ್ದ ಪುಸ್ತಕವನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

“ಲೇ ನಾಗ, ನಾಳೆ ರುಜು ಹಾಕ್ದಿದ್ರೆ ಹಾಲ್ ಟಿಕೇಟ್ ವಾಪಸ್ ಓಯ್ತದಂತೆ. ಇಂಥೋರ್ಗೆ ಎದ್ರಿಕಂಡಾ ನೀನು ಪರೀಕ್ಸೆ ಬುಡಾಕೆ ಒಂಟಿದ್ದು? ತಾನು ಬರ್ದಿದ್ದು ಒಂದು ಗೆರೆ ಓದಾಕೆ ಎಷ್ಟೊತ್ತು ತಗಂಡ್ಳು ನೋಡು ಇವ್ಳು.”

ನಾಗಾರ್ಜುನ ಕೈಗಂಟಿದ ಸೌದೆಪುಡಿ ಒರೆಸಿಕೊಂಡ. ಅವನು ತನ್ನನ್ನು ಬೈದರೆ ಸಾಕು ಎನ್ನಿಸಿತು ರಂಜಿತಳಿಗೆ. ಬೈದರೆ ತಾನು ಕ್ಷಮೆ ಕೇಳಬಹುದು. ಅವನು ಅವಳ ಕಡೆ ನೋಡಲೂ ಇಲ್ಲ. ತಾಯಿಯನ್ನು ನೋಡಿ, ಒಂದಕ್ಷರವೂ ತಡೆಯದೆ, “ನಾಳೆ ಓಗಿ ರುಜು ಹಾಕ್ತೀನಿ ಕಣವ್ವ” ಎಂದ.

ಪಾರ್ವತಮ್ಮ ಮೊರ ಎತ್ತಿಕೊಂಡು ಮತ್ತೆ ಹುರುಳಿ ಕೇರತೊಡಗಿದಳು. “ನೀನಿನ್ನೂ ಯಾಕೆ ಕೂತಿದ್ದೀಯ?” ಎಂದಳು, ತಲೆಯೆತ್ತದೆ.