ಹಿಲ್ಕಾಳ ಎಡಗೈ

ಹಿಲ್ಕಾ ತೊಸ್ಸವೈನೆನ್ ಎಂಬ ಹೆಂಗಸಿಗೆ ಡಿಸ್ಕ್ ಎಸೆಯುವ ವಿದ್ಯೆ ಈ ಜನ್ಮದಲ್ಲಿ ಕೈಹತ್ತುವುದಿಲ್ಲವೆಂದು ನಾನು ಒಂದಿಡೀ ಬೇಸಿಗೆ ನಂಬಿದ್ದೆ. ನಂಬುವುದಕ್ಕೆ ಕಣ್ಣಾರೆ ಕಂಡ ಸಾಕ್ಷ್ಯವೂ ಇತ್ತು. ಫಿನ್ಲೆಂಡಿನ ನಡುಭಾಗದ ನಮ್ಮೂರಿನಲ್ಲಿ, ಹೌಕಿಯಾರ್ವಿ ಸರೋವರದ ದಂಡೆಯ ಪೈನ್ ಕಾಡಿನೊಳಗೆ, ಡಿಸ್ಕ್ ಗಾಲ್ಫಿನ ಹದಿನೆಂಟು ಕಂಬಗಳು ನಿಂತಿವೆ. ಕಂಬಕ್ಕೊಂದು ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿದ್ದ ಸರಪಳಿಗಳ ಗೊಂಚಲು. ದೂರದಿಂದ ಪ್ಲಾಸ್ಟಿಕ್ ತಟ್ಟೆಯೊಂದನ್ನು ಎಸೆದು, ಸರಪಳಿಗೆ ತಾಗಿಸಿ, ಬುಟ್ಟಿಗೆ ಬೀಳಿಸಿದರಾಯಿತು, ಅಷ್ಟೇ ಆಟ. ಬೆಳಗಿನ ಏಳಕ್ಕೆ, ಬೇರೆ ಯಾರೂ ಬಾರದ ಹೊತ್ತಿನಲ್ಲಿ, ಅರವತ್ತೆಂಟು ವರ್ಷದ ಈ ಹೆಂಗಸು ಬಲಗೈಯಲ್ಲಿ ಮರದ ಬಟ್ಟಲಿನ ತುಂಬ ಕಾಫಿ ಹಿಡಿದುಕೊಂಡು ಎಡಗೈಯಲ್ಲಿ ಒಂದು ಗುಲಾಬಿ ತಟ್ಟೆಯನ್ನು ಎಸೆಯುತ್ತಿದ್ದಳು. ಅದು ಹತ್ತು ಹದಿನೈದು ಹೆಜ್ಜೆ ತಡವರಿಸಿ ಹಾರಿ, ಬುಟ್ಟಿಯ ಕಡೆ ಕಣ್ಣೆತ್ತಿಯೂ ನೋಡದೆ, ಬ್ಲೂಬೆರಿ ಪೊದೆಯೊಳಗೆ ಬಿದ್ದು ಮಲಗುತ್ತಿತ್ತು. ಅವಳು ಹೋಗಿ ಹೆಕ್ಕಿ, ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ, ಬಟ್ಟಲನ್ನು ಮರದ ಬುಡದಲ್ಲಿಟ್ಟು ಜೇಬಿನ ಪುಸ್ತಕದಲ್ಲಿ ಏನೋ ಗೀಚಿ, ಬಟ್ಟಲನ್ನು ಮತ್ತೆ ಎತ್ತಿಕೊಂಡು, ಮೊದಲಿನಷ್ಟೇ ಕೆಟ್ಟದಾಗಿ ಇನ್ನೊಮ್ಮೆ ಎಸೆಯುವಳು.

ನನಗೆ ಕರುಣೆ ಉಕ್ಕಿತು. ಕರುಣೆಯ ಬೆನ್ನಿಗೇ, ಎರಡು ವಾರದ ಹಿಂದಷ್ಟೇ ಕಲಿತಿದ್ದ ನನ್ನ ಪಾಂಡಿತ್ಯವೂ ಉಕ್ಕಿತು. ಹತ್ತಿರ ಹೋಗಿ ಮೊಣಕೈಯ ಕೋನ, ಸೊಂಟದ ತಿರುವು, ಮಣಿಕಟ್ಟಿನ ಚಾಟಿ ಇವುಗಳ ಕುರಿತು ಸುಮಾರು ಕಾಲು ಗಂಟೆ ಪ್ರವಚನ ಮಾಡಿದೆ. ಹಿಲ್ಕಾ ಪೂರ್ತಿ ಕೇಳಿದಳು. ಕೇಳಿ, ಕಾಫಿಯನ್ನು ಒಂದು ಗುಟುಕು ಹೀರಿ, "ಹೂಂ" ಅಂದಳು. ಆಮೇಲೆ ಎಸೆದ ತಟ್ಟೆ ಹಿಂದಿನದಕ್ಕಿಂತ ಎರಡು ಹೆಜ್ಜೆ ಹತ್ತಿರದಲ್ಲೇ ಬಿತ್ತು. ಅದನ್ನು ಕಂಡು ಅವಳು ತೃಪ್ತಿಯಿಂದ ತಲೆಯಾಡಿಸಿದ್ದು ನನಗೆ ವಯಸ್ಸಿನ ಲಕ್ಷಣವಾಗಿ ತೋರಿತು.

ಈ "ಹೂಂ" ಎಂಬುದನ್ನು ನಮ್ಮೂರಲ್ಲಿ ಎಲ್ಲರೂ ಉಸಿರನ್ನು ಒಳಗೆಳೆದುಕೊಳ್ಳುತ್ತಲೇ ಹೇಳುತ್ತಾರೆ. ಆದರೆ ಹಿಲ್ಕಾ ಎಳೆದುಕೊಳ್ಳುವ ಉಸಿರು ಎಷ್ಟು ದೀರ್ಘವೆಂದರೆ, ಅದು ಒಪ್ಪಿಗೆಯೋ, ನಿರಾಕರಣೆಯೋ, ಬರೀ ಶ್ವಾಸೋಚ್ಛ್ವಾಸವೋ ಎಂದು ಎದುರಿನವರು ಕಾದು ನಿಲ್ಲಬೇಕು, ಕಾದು ನಿಂತವರಿಗೆ ಬೇರೇನೂ ಸಿಗುವುದಿಲ್ಲ. ಅವಳನ್ನು ನಾನು ಏಕವಚನದಲ್ಲೇ ಬರೆಯುತ್ತಿದ್ದೇನೆ, ಓದುಗರು ಕ್ಷಮಿಸಬೇಕು. ಬಹುವಚನದಲ್ಲಿ ಕರೆದರೆ "ಜೊತೆಗೆ ಇನ್ಯಾರು ಬಂದಿದ್ದಾರೆ" ಎಂದು ಹಿಂದಕ್ಕೆ ತಿರುಗಿ ನೋಡುವ ಹೆಂಗಸು ಅವಳು. ಮೈಮೇಲೆ ಸದಾ ಒಂದು ನೀಲಿ ಕೋಟು. ಅದರ ಎಡ ಜೇಬಿನ ಅಂಚು ಸುಟ್ಟು ಮುದುಡಿದೆ. ಬಾಗಿಲುಗಳನ್ನು ಅವಳು ನೇರವಾಗಿ ದಾಟುವುದಿಲ್ಲ, ಎರಡೂ ಕೈಯಲ್ಲಿ ಅಗಲವಾದ ಹಲಗೆ ಹೊತ್ತವಳಂತೆ ಒಂದು ಭುಜ ಮುಂದೆ ಮಾಡಿ ಓರೆಯಾಗಿ ನುಸುಳುತ್ತಾಳೆ. ಕೋಟು, ಸುಟ್ಟ ಜೇಬು, ಓರೆ ನಡಿಗೆ ಮೂರೂ ಬಕೆಟ್ ಕಾರ್ಖಾನೆಯ ಕೊಡುಗೆ. ಮೂವತ್ತನಾಲ್ಕು ವರ್ಷ ಅವಳು ಅಲ್ಲಿ ಮುಚ್ಚಳ ವಿಭಾಗದಲ್ಲಿದ್ದಳು. ಮೊಸರಿನ ಬಕೆಟ್ಟಿನ ಮುಚ್ಚಳ, ಬಣ್ಣದ ಡಬ್ಬಿಯ ಮುಚ್ಚಳ, ಉಪ್ಪು ಹಾಕಿದ ಹೆರಿಂಗ್ ಮೀನಿನ ಬಕೆಟ್ಟಿನ ಮುಚ್ಚಳ. ಅಚ್ಚಿನಿಂದ ಬಿಸಿಬಿಸಿಯಾಗಿ ಬಿದ್ದದ್ದನ್ನು ಹಲಗೆಯಲ್ಲಿ ಜೋಡಿಸಿ ಹೊತ್ತೊಯ್ದು ತಣಿಯಲು ಇಡುವುದು. ಯಾವುದೇ ಮುಚ್ಚಳವನ್ನು ಅಂಗೈಯಲ್ಲಿ ಒಮ್ಮೆ ತೂಗಿ ಇಷ್ಟು ಗ್ರಾಂ ಎಂದು ಹೇಳಿಬಿಡುವಳು. ಒಮ್ಮೆ ಅವಳ ಅಡಿಗೆಮನೆಯ ತಕ್ಕಡಿ ಅವಳ ಮಾತಿಗಿಂತ ನಾಲ್ಕು ಗ್ರಾಂ ಹೆಚ್ಚು ತೋರಿಸಿದಾಗ ನಾನು ವಿಜಯದ ನಗೆ ನಕ್ಕೆ. ಅವಳು ತಕ್ಕಡಿಯ ತಟ್ಟೆಯನ್ನು ಮಗುಚಿ, ಅಡಿಯಲ್ಲಿ ಮೆತ್ತಿದ್ದ ಲಿಂಗನ್‌ಬೆರಿ ಜಾಮನ್ನು ಬೆರಳಿನಿಂದ ಒರೆಸಿ ನೆಕ್ಕಿ, ಮತ್ತೆ ತೂಗಿದಳು. ನಾನು ನಗೆಯನ್ನು ಹಿಂದಕ್ಕೆ ತೆಗೆದುಕೊಂಡೆ.

ಇಂಥವಳು ಡಿಸ್ಕ್ ಗಾಲ್ಫ್ ಸಂಘಕ್ಕೆ ಬಂದದ್ದು ಬನ್ ಬೇಯಿಸಲು. ಪ್ರತಿ ಬುಧವಾರ ಸಂಜೆ ಸಂಘದವರು ಮಕ್ಕಳಿಗೆ ಆಟ ಕಲಿಸುತ್ತಾರೆ. ಕಲಿತ ಮಕ್ಕಳಿಗೆ ಏಲಕ್ಕಿ ಬನ್ನು, ಹಣ್ಣಿನ ರಸ. ಮೊದಲ ಬೇಸಿಗೆಯ ಆರಂಭದಲ್ಲಿ ಇಪ್ಪತ್ತಮೂರು ಮಕ್ಕಳು ಬಂದವು. ಜುಲೈ ಹೊತ್ತಿಗೆ ಐದು ಉಳಿದವು, ಅವುಗಳಲ್ಲಿ ಎರಡು ಬಂದದ್ದು ಬನ್ನಿಗೆ. ಕಾರಣ ತಿಳಿಯಲು ಆಯೋಗವೇನೂ ಬೇಕಿರಲಿಲ್ಲ. ಸಂಘದ ಪೆಟ್ಟಿಗೆಯಲ್ಲಿದ್ದವೆಲ್ಲ ನೂರ ಎಪ್ಪತ್ತೈದು ಗ್ರಾಮಿನ, ಗಟ್ಟಿ ಅಂಚಿನ, ದೊಡ್ಡವರ ಡಿಸ್ಕುಗಳು. ಪಿಹ್ಲಾ ಎಂಬ ಆರು ವರ್ಷದ ಹುಡುಗಿ ಅದನ್ನು ಎರಡು ಕೈಯಲ್ಲಿ ಊಟದ ತಟ್ಟೆಯಂತೆ ಹಿಡಿದು, ಇಡೀ ಮೈ ತಿರುಗಿಸಿ ಎಸೆದಾಗ, ಅದು ಅವಳ ಕಾಲಬುಡದಲ್ಲೇ ಧೊಪ್ಪೆಂದಿತ್ತು.

"ಹಿಲ್ಕಾ, ಇದು ಹಾರಲ್ಲ," ಅಂದಳು ಪಿಹ್ಲಾ. "ಇದಕ್ಕೆ ಮನಸ್ಸಿಲ್ಲ."

ಹಿಲ್ಕಾ ಬನ್ನಿನ ಚೀಲ ಖಾಲಿಯಾದ ಮೇಲೆ ಅದೇ ಚೀಲದಲ್ಲಿ ಆ ಡಿಸ್ಕನ್ನು ಹಾಕಿಕೊಂಡು ಮನೆಗೆ ಹೋದಳು.

ಆ ಚಳಿಗಾಲ ಅವಳು ಉಕ್ಕಿನ ಅಚ್ಚೊಂದನ್ನು ಕೊರೆಸಿದಳು. ಕಾರ್ಖಾನೆಯ ಈಗಿನ ಮೇಸ್ತ್ರಿ ಹಿಂದೆ ಅವಳ ಕೈಕೆಳಗೆ ಪಳಗಿದವನು. ಶುಕ್ರವಾರ ಪಾಳಿ ಮುಗಿದ ಮೇಲೆ ಯಂತ್ರವನ್ನು ಒಂದು ಗಂಟೆ ಬಿಟ್ಟುಕೊಡಲು ಒಪ್ಪಿದ. ಮೊದಲ ಸಲದ ಡಿಸ್ಕುಗಳು ಚಳಿಗೆ ಹಪ್ಪಳದಂತೆ ಮುರಿದವು. ಎರಡನೆಯವುಗಳ ಅಂಚು ಬೆರಳು ಕೊಯ್ಯುವಂತಿತ್ತು. ಮೂರನೆಯ ಸಲ, ನೂರ ಹತ್ತು ಗ್ರಾಮಿನ, ಪುಟ್ಟ ಬೆರಳುಗಳು ಹಿಡಿಯುವಷ್ಟು ತೆಳ್ಳನೆಯ ಮೆತ್ತನೆ ಅಂಚಿನ ಡಿಸ್ಕುಗಳು ಬಂದವು. ಬಕೆಟ್ ಮುಚ್ಚಳದ ಪ್ಲಾಸ್ಟಿಕ್ಕೇ ಆದ್ದರಿಂದ ನೀರಿಗೆ ಬಿದ್ದರೆ ತೇಲುತ್ತಿದ್ದವು. ಬಣ್ಣವನ್ನು ಆರಿಸುವ ಸ್ವಾತಂತ್ರ್ಯ ಯಾರಿಗೂ ಇರಲಿಲ್ಲ. ಆ ಶುಕ್ರವಾರ ಯಂತ್ರದ ಹೊಟ್ಟೆಯಲ್ಲಿ ಯಾವ ಮುಚ್ಚಳದ ಪ್ಲಾಸ್ಟಿಕ್ ಉಳಿದಿತ್ತೋ ಅದೇ ಬಣ್ಣ, ಅದೇ ಹೆಸರು. ಮಕ್ಕಳು "ನಂಗೆ ಹೆರಿಂಗು ಬೇಕು", "ಹೋದ್ವಾರದಿಂದ ಮೊಸರು ನಂದೇ" ಎಂದು ಕಚ್ಚಾಡತೊಡಗಿದವು. ಮುಂದಿನ ಜುಲೈಯಲ್ಲಿ ಐದಿದ್ದ ಮಕ್ಕಳು ಮೂವತ್ತಾದವು. ಹಿಲ್ಕಾ ಮಾತ್ರ ಬೆಳಗಿನ ಏಳಕ್ಕೆ ಬಂದು ಪ್ರತಿ ಡಿಸ್ಕನ್ನೂ ಕೆಟ್ಟದಾಗಿ ಎಸೆಯುವುದನ್ನು ಬಿಡಲಿಲ್ಲ. ಚಪ್ಪಲಿ ಹೊಲಿಯುವವನೇ ಓಟಗಾರನೂ ಆಗಿರಬೇಕೆಂದೇನಿಲ್ಲವಲ್ಲ ಎಂದು ನಾನು ಉದಾರವಾಗಿ ಯೋಚಿಸಿದೆ.

ಇಲ್ಲಿ ಸಂಘದ ಅಧ್ಯಕ್ಷನ ಪ್ರವೇಶವಾಗಬೇಕು. ಓಸ್ಮೊ ರಂತಲ ಎಂದು ಅವನ ಹೆಸರು, ನಮ್ಮೂರಿನ ನೀರು ಸರಬರಾಜಿನ ಉಪ ಇಂಜಿನಿಯರು. ಬೆನ್ನಿಗೆ ಚೀಲ ಹಾಕಿಕೊಂಡು ಆಡುವ ಜನರ ನಡುವೆ ಅವನೊಬ್ಬ ಗಾಲಿಯ ಗಾಡಿ ತಳ್ಳಿಕೊಂಡು ಬರುತ್ತಾನೆ. ಅದರಲ್ಲಿ ಇಪ್ಪತ್ತಾರು ಡಿಸ್ಕು, ಮೂರು ಬಗೆಯ ಟವೆಲು, ದೂರ ಅಳೆಯುವ ದುರ್ಬೀನು, ಮತ್ತು ಪ್ಲಾಸ್ಟಿಕ್ ಹೊದಿಕೆಯೊಳಗೆ ನಿಯಮಾವಳಿ. ಎಸೆಯುವ ಮುನ್ನ ಚಿಟಿಕೆ ಹುಲ್ಲನ್ನು ಗಾಳಿಗೆ ತೂರಿ, ಅದು ಬಿದ್ದ ದಿಕ್ಕನ್ನು ಗಂಭೀರವಾಗಿ ನೋಡಿ, ಗಾಳಿಯೇ ಇಲ್ಲದ ದಿನ "ಗಾಳಿ ಇಲ್ಲ" ಎಂದು ಘೋಷಿಸುತ್ತಾನೆ. ಅಧಿಕೃತ ಪಟ್ಟಿಯಲ್ಲಿಲ್ಲದ ಡಿಸ್ಕನ್ನು ಪಂದ್ಯದಲ್ಲಿ ಬಳಸುವಂತಿಲ್ಲ ಎಂಬ ಸಾಲಿಗೆ ಅವನು ಹಳದಿ ಬಣ್ಣ ಬಳಿದಿಟ್ಟಿದ್ದ.

ಆಗಸ್ಟಿನ ಕೊನೆಯ ಬುಧವಾರ ಮಕ್ಕಳ ಪಂದ್ಯ. ಮೂವತ್ತು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಎರಡು ನಾಯಿ, ಎಲ್ಲರೂ ಏಳನೆಯ ಕಂಬದೆದುರು ಸೇರಿದ್ದರು. ಅಲ್ಲಿಂದಲೇ ಆರಂಭ, ಎಸೆಯುವ ಕಟ್ಟೆಗೂ ಬುಟ್ಟಿಗೂ ನಡುವೆ ಸರೋವರದ ಒಂದು ಕೊಲ್ಲಿ ಒಳಚಾಚಿದೆ, ಹನ್ನೆರಡು ಹೆಜ್ಜೆ ಅಗಲ. ಓಸ್ಮೊ ಸಂಘದ ಪೆಟ್ಟಿಗೆ ತೆರೆದು ಹಳೆಯ ಭಾರದ ಡಿಸ್ಕುಗಳನ್ನು ಹೊರಗಿಟ್ಟ.

"ಇವತ್ತು ಪಂದ್ಯ. ಹಿಲ್ಕಾ ಮಾಡಿದ್ದು ಯಾವುದೂ ಪಟ್ಟೀಲಿಲ್ಲ. ನಾನೇನ್ ಮಾಡ್ಲಿ, ನಿಯಮ."

"ಇವು ಮುಳುಗ್ತವೆ," ಅಂದಳು ಹಿಲ್ಕಾ.

"ಸರಿಯಾಗಿ ಎಸೆದ್ರೆ ಮುಳುಗಲ್ಲ. ನಾನು ಕಲಿತಿದ್ದೂ ಇವುಗಳಲ್ಲೇ."

"ನೀನು ಕಲಿತಾಗ ನಿಂಗೆ ನಲವತ್ತೊಂದು."

ಅಪ್ಪಂದಿರ ಸಾಲಿನಿಂದ ಕೆಮ್ಮೊಂದು ಕೇಳಿಸಿತು. ಪಿಹ್ಲಾ ಮೊಸರು ಬಣ್ಣದ ಡಿಸ್ಕನ್ನು ಅಂಗಿಯೊಳಗೆ ತುರುಕಿಕೊಂಡು ಗರ್ಭಿಣಿಯಂತೆ ನಿಂತಿದ್ದಳು. ಮೂವತ್ತೂ ಮಕ್ಕಳು ಒಬ್ಬೊಬ್ಬರಾಗಿ ಈ ಕೊಲ್ಲಿಗೆ ಒಂದೊಂದು ಭಾರದ ಡಿಸ್ಕನ್ನು ಅರ್ಪಿಸಿ, ಅಪ್ಪ ಅಮ್ಮನ ಕಣ್ಣೆದುರು ತುಟಿ ಕಚ್ಚಿ ಹಿಂತಿರುಗುವುದು, ಬರುವ ಬೇಸಿಗೆಯಲ್ಲಿ ಬುಧವಾರದ ಬನ್ನು ಮತ್ತೆ ಐವರಿಗೆ ಬೇಯುವುದು, ನಮಗೆಲ್ಲ ಕಣ್ಣಿಗೆ ಕಟ್ಟಿತ್ತು. ಹಿಲ್ಕಾಳ ಮುಖದಲ್ಲಿ ಏನೂ ಇರಲಿಲ್ಲ. ಬಟ್ಟಲನ್ನು ಕೆಳಗಿಡದೆ ಎಡಗೈಯಿಂದ ಚೀಲದೊಳಗೆ ತಡಕಿದಳು.

"ಒಂದ್ಸಲ ನೀನೇ ಎಸೆದು ನೋಡು," ಎಂದು ಹೆರಿಂಗ್ ನೀಲಿಯ ಡಿಸ್ಕನ್ನು ಅವನ ಮುಂದೆ ಹಿಡಿದಳು.

ಓಸ್ಮೊ ಹುಲ್ಲು ತೂರಿದ. ಮೂರು ಹೆಜ್ಜೆ ಓಡಿ, ತನ್ನ ಸುಪ್ರಸಿದ್ಧ ಬಲಗೈಯನ್ನು ಪೂರ್ತಿ ಬೀಸಿದ. ಹಗುರ ಡಿಸ್ಕು ಆ ಬಿರುಸನ್ನು ತಾಳಲಾರದೆ ಗಾಳಿಯಲ್ಲೇ ಮಗುಚಿಕೊಂಡು, ಬಲಕ್ಕೆ ಹೊರಳಿ, ಪೊದೆಗಳೊಳಗೆ ಮಾಯವಾಯಿತು.

"ನೋಡಿದ್ಯಾ," ಅಂದ ಓಸ್ಮೊ, ಬಹಳ ಸಮಾಧಾನದಿಂದ. "ನೆಟ್ಟಗೆ ಹೋಗಲ್ಲ. ಪಟ್ಟಿ ಅಂತ ಸುಮ್ನೆ ಮಾಡಿರ್ತಾರಾ."

"ಅದು ನಿನ್ನ ಕೈಗೆ ಮಾಡಿದ್ದಲ್ಲ. ಎಡಗೈಲಿ ಎಸಿ."

"ಎಡಗೈಲಿ ನಾನು ಯಾವತ್ತೂ ಎಸೆದಿಲ್ಲ."

"ಅದಕ್ಕೇ ಹೇಳಿದ್ದು. ಬಲಗೈಗೆ ನಿಂಗೆಷ್ಟು ವಯಸ್ಸೋ ಅಷ್ಟು. ಎಡಗೈಗೆ ಆರು ವರ್ಷ. ನಂದಕ್ಕೂ ಆರೇ. ನಾನು ಅದ್ರಲ್ಲೇ ನೋಡೋದು."

ಅಷ್ಟು ಉದ್ದದ ಮಾತನ್ನು ಹಿಲ್ಕಾಳ ಬಾಯಲ್ಲಿ ಯಾರೂ ಕೇಳಿರಲಿಲ್ಲ. ನನಗೆ ಮಾತ್ರ ಬೇಸಿಗೆಯ ಬೆಳಗುಗಳೆಲ್ಲ ಒಂದರ ಹಿಂದೊಂದು ನೆನಪಾಗಿ, ಮೊಣಕೈಯ ಕೋನದ ಕುರಿತ ನನ್ನ ಪ್ರವಚನ ಪದಶಃ ಕಿವಿಯಲ್ಲಿ ಮೊಳಗಿ, ಪಕ್ಕದಲ್ಲಿದ್ದ ನಾಯಿಯ ತಲೆ ಸವರುವ ಅಗತ್ಯ ಬಿತ್ತು. ಅವಳು ಕೆಟ್ಟದಾಗಿ ಎಸೆಯುತ್ತಿರಲಿಲ್ಲ. ಆರು ವರ್ಷದವಳಂತೆ ಎಸೆಯುತ್ತಿದ್ದಳು. ಡಿಸ್ಕು ಎರಡು ಹೆಜ್ಜೆ ಹಿಂದೆ ಬಿದ್ದ ದಿನ ತೃಪ್ತಿಪಟ್ಟದ್ದು, ಎಲ್ಲಿ ತಪ್ಪಿದೆಯೆಂದು ಗೊತ್ತಾದ ತೃಪ್ತಿ.

ಓಸ್ಮೊ ಸಣ್ಣ ಮನುಷ್ಯನಲ್ಲ. ಸವಾಲನ್ನು ಸವಾಲಾಗಿಯೇ ಸ್ವೀಕರಿಸಿ, ಗಾಡಿಯೊಳಗಿಂದ ತನ್ನ ಅತ್ಯಂತ ಪ್ರೀತಿಯ, ಹೆಸರು ಕೆತ್ತಿಸಿದ್ದ ಕಿತ್ತಳೆ ಡಿಸ್ಕನ್ನು ತೆಗೆದು, ಎಡಗೈಗೆ ಕೊಟ್ಟುಕೊಂಡ. ಎಸೆದ. ಅದು ದಂಡೆಯಿಂದ ನಾಲ್ಕು ಮಾರು ದೂರದಲ್ಲಿ, ದಪ್ಪ ಮನುಷ್ಯನೊಬ್ಬ ಸೌನಾದ ಬಿಸಿ ಆವಿಕೋಣೆಯಿಂದ ಬಂದು ಕೆರೆಗೆ ಹಾರಿದ ಸದ್ದು ಮಾಡಿ, ತಳ ಸೇರಿತು. ಯಾರೂ ನಗಲಿಲ್ಲ. ನಮ್ಮೂರಿನವರು ಇಂಥ ಹೊತ್ತಿನಲ್ಲಿ ಸರೋವರವನ್ನು ನೋಡುತ್ತಾರೆ.

ಹಿಲ್ಕಾ ಇನ್ನೊಂದು ಹಗುರ ಡಿಸ್ಕು ಕೊಟ್ಟಳು. ಓಸ್ಮೊ ಈ ಸಲ ಹುಲ್ಲು ತೂರುವುದನ್ನು ಮರೆತ. ಅವನ ಎಡಗೈ ಅಳುಕುತ್ತ, ಸಂಕೋಚಪಡುತ್ತ ಆ ತಟ್ಟೆಯನ್ನು ಬಿಟ್ಟಿತು. ತಟ್ಟೆ ಅವಸರವಿಲ್ಲದೆ ಏರಿ, ಒಂದಿಷ್ಟು ತೇಲಿ, ಏನೋ ನೆನಪಾದಂತೆ ಎಡಕ್ಕೆ ಸ್ವಲ್ಪ ಬಾಗಿ, ನೀರನ್ನು ದಾಟಿ, ಆಚೆ ದಡದ ಪಾಚಿಯ ಮೇಲೆ ಮೆಲ್ಲನೆ ಕುಳಿತಿತು.

"ಓಸ್ಮೊಗೆ ಬಂತು," ಅಂದಳು ಪಿಹ್ಲಾ, ಶಿಕ್ಷಕಿಯ ಗತ್ತಿನಲ್ಲಿ. ಆಗ ಎಲ್ಲರೂ ನಕ್ಕರು.

ಅಧ್ಯಕ್ಷ ತನ್ನ ಎಡಗೈಯನ್ನು, ದೂರದ ನೆಂಟನೊಬ್ಬ ಅನಿರೀಕ್ಷಿತವಾಗಿ ಮನೆಗೆ ಬಂದಂತೆ ನೋಡುತ್ತ ನಿಂತಿದ್ದ. ಆಮೇಲೆ "ಇನ್ನೊಂದು ಕೊಡು" ಅಂದ. ಹಾಗೆ ಹನ್ನೊಂದು ಎಸೆದ. ಮೂರು ನೀರಿಗೆ ಬಿದ್ದವು; ತೇಲಿಕೊಂಡು ಬಾತುಕೋಳಿಗಳಂತೆ ದಡಕ್ಕೆ ಬಂದವು. ಹನ್ನೆರಡನೆಯದಕ್ಕೆ ಕೈಚಾಚಿದಾಗ ಪಿಹ್ಲಾ, "ಸಾಕು, ಸಾಲಲ್ಲಿ ನಿಂತ್ಕೋ," ಅಂದಳು.

ಆದರೂ ನಿಯಮ ನಿಯಮವೇ. ಓಸ್ಮೊ ಗಾಡಿಯ ಮೇಲೆ ಪುಸ್ತಕ ಬಿಡಿಸಿ, ಹಳದಿ ಸಾಲನ್ನು ಮೂರು ಸಲ ಓದಿ, ಕೊನೆಗೆ ತಲೆಯೆತ್ತಿ, ಪಟ್ಟಿಯ ಪ್ರಶ್ನೆ ಏಳುವುದು ಪಂದ್ಯಕ್ಕೆ ಮಾತ್ರ, ಇದು ಪಂದ್ಯವೇ ಅಲ್ಲವಾದರೆ ಪ್ರಶ್ನೆಯೂ ಇಲ್ಲ ಎಂದು ತೀರ್ಪಿತ್ತ. ಅಂದಿನ ನಡಾವಳಿಯಲ್ಲಿ ಆ ಸಂಜೆಯ ದಾಖಲೆ ಇಂದಿಗೂ ಹೀಗಿದೆ: "ಕಾಫಿ ಕೂಟ. ಮಧ್ಯೆ ಮಧ್ಯೆ ಕೆಲವು ವಸ್ತುಗಳನ್ನು ಎಸೆಯಲಾಯಿತು." ಆ ಕೂಟದಲ್ಲಿ ಪಿಹ್ಲಾಳ ಮೊಸರು ಡಿಸ್ಕು ಎರಡೇ ಎಸೆತದಲ್ಲಿ ಸರಪಳಿಗೆ ಬಡಿದು ಝಲ್ಲೆಂದಿತು, ಅವಳು ಸುಮ್ಮನೆ ಬಂದು ಒಂದು ಬನ್ನಿನ ಬದಲು ಎರಡು ತೆಗೆದುಕೊಂಡಳು. ಹಿಲ್ಕಾ ನೋಡಿಯೂ ನೋಡದಂತಿದ್ದಳು.

ಇದಾಗಿ ನಾಲ್ಕು ಬೇಸಿಗೆ ಕಳೆದಿವೆ. ಬುಧವಾರ ಬನ್ನು ಈಗ ಮೂರು ತಟ್ಟೆ ಬೇಯುತ್ತದೆ. ಮಕ್ಕಳ ಸಾಲಿನ ಕೊನೆಯಲ್ಲಿ ಓಸ್ಮೊ ರಂತಲ ಗಾಡಿಯಿಲ್ಲದೆ, ಎಡಗೈಯಲ್ಲಿ, ಹೆರಿಂಗ್ ನೀಲಿಯಲ್ಲಿ ಆಡುತ್ತಾನೆ. ಹಗುರ ಡಿಸ್ಕಿನ ಕಲ್ಪನೆ ಮೂಲತಃ ತನ್ನದೇ ಎಂದು ಹೊಸಬರಿಗೆ ಹೇಳುವುದನ್ನು ಹಿಲ್ಕಾಳ ಎದುರಿಗೇ ಕೇಳಿದ್ದೇನೆ. ಅವಳು "ಹೂಂ" ಎಂದು ಉಸಿರೆಳೆದುಕೊಂಡಳು, ಅವನು ಅದನ್ನು ಒಪ್ಪಿಗೆಯೆಂದು ಎಣಿಸಿದ.

ನಾನೀಗ ಯೋಚಿಸುವುದುಂಟು: ಮಕ್ಕಳ ಮಟ್ಟಕ್ಕೆ ಇಳಿಯುತ್ತೇವೆಂದು ಮೊಣಕಾಲೂರಿ, ದನಿಯಲ್ಲಿ ಜೇನು ಬೆರೆಸಿ ಮಾತಾಡುವ ನಮ್ಮಂಥವರು ಎಲ್ಲ ಊರುಗಳಲ್ಲೂ ಬೇಕಾದಷ್ಟಿದ್ದೇವೆ, ಆದರೆ ಎದ್ದು ನಿಂತ ಮೇಲೆ ನಮ್ಮ ಪೂರ್ತಿ ಬಲವನ್ನೇ ಅವರ ಕೈಗೆ ತುರುಕುತ್ತೇವೆ. ಹಿಲ್ಕಾಳ ಜಾತಿಯ ಜನ ವಿರಳ. ಅವರು ಬಗ್ಗುವುದಿಲ್ಲ, ಮುದ್ದಿಸುವುದಿಲ್ಲ, ಹೆಸರು ಕೇಳುವುದೂ ಇಲ್ಲ. ತಮ್ಮ ಬಲವನ್ನು ಪಕ್ಕಕ್ಕಿಟ್ಟು, ಉಳಿದ ದುರ್ಬಲವಾದದ್ದರಿಂದಲೇ ಲೋಕವನ್ನು ಒಮ್ಮೆ ಅಳೆದು ನೋಡುತ್ತಾರೆ. ಆದ್ದರಿಂದಲೇ ಅವರು ಮಾಡಿದ್ದು ಚಿಕ್ಕ ಕೈಗಳಲ್ಲಿ ಸುಖವಾಗಿ ಕೂರುತ್ತದೆ.

ಇಷ್ಟು ಘನವಾದ ವಿಚಾರ ಹೊಳೆದ ಮೇಲೆ ನಾನು ಸುಮ್ಮನಿರಬಹುದಿತ್ತು. ಆದರೆ ಆ ಪಕ್ಕಕ್ಕಿಟ್ಟ ಬಲಗೈಯ ರಹಸ್ಯ ನನ್ನನ್ನು ಕೊರೆಯುತ್ತಿತ್ತು. ಮೂವತ್ತನಾಲ್ಕು ವರ್ಷ ಹಲಗೆ ಹೊತ್ತ ಕೈ. ಅದು ಒಮ್ಮೆ ಬೀಸಿದರೆ ಊರಿನಲ್ಲೇ ಅತಿ ದೂರದ ಎಸೆತವೆಂಬ ಓಸ್ಮೊನ ದಾಖಲೆಯೇ ಉಳಿಯುತ್ತಿತ್ತೋ ಇಲ್ಲವೋ. ಮೊನ್ನೆ ಬೆಳಿಗ್ಗೆ ಏಳಕ್ಕೆ, ಏಳನೆಯ ಕಂಬದ ಕಟ್ಟೆಯ ಮೇಲೆ, ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಹಿಲ್ಕಾ, ಬಲಗೈಲಿ ಎಸೆದ್ರೆ ಎಷ್ಟು ದೂರ ಹೋಗುತ್ತೋ, ಒಂದ್ಸಲನಾದ್ರೂ ನೋಡ್ಬೇಕು ಅಂತ ನಿಂಗೆ ಅನ್ನಿಸಿಲ್ವಾ?"

ಅವಳು ನನ್ನನ್ನು ನೋಡಿದಳು, ಸರೋವರವನ್ನು ನೋಡಿದಳು, ಬಲಗೈಯಲ್ಲಿದ್ದ ಬಟ್ಟಲನ್ನು ನೋಡಿದಳು.

"ಆಗ ಕಾಫಿ ಯಾರು ಹಿಡ್ಕೋತಾರೆ?"