ಮೂರು ದಾಟಿದ ಮೇಲೆ

ಟಕ್ — ಇದೇನಿದು, ಅಂಗಾಲಿಗೆ ಪರಿಚಯವಿರುವ ಕುಲುಕು, ಮೂರನೆಯ ಮಹಡಿ ದಾಟಿ ನಾಲ್ಕು ಬರುವ ಮುನ್ನ, ಬೇರೆಯವರಿಗೆ ಲೆಕ್ಕಕ್ಕೇ ಬಾರದಷ್ಟು ಸಣ್ಣದು, ಆದರೆ ಮೂವತ್ತೆಂಟು ವರ್ಷ ಲಿಫ್ಟ್ ಕೂರಿಸಿ ನಿವೃತ್ತನಾದ ಮೇಸ್ತ್ರಿಗೆ ತನ್ನ ತಪ್ಪು ಗೊತ್ತಾಗದೆ ಹೋದೀತೇ, ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇವನಿಗೆ ಮಾತ್ರ ತನ್ನ ಹೆಗ್ಗಣ ಕಂಡರೆ ಮೈ ಉರಿಯುತ್ತದೆ — ಹೌದು, ಅದೇ ಕಟ್ಟಡ, ಬಣ್ಣ ಬದಲಾಗಿದೆ, ಹೆಸರಿನ ಹಲಗೆ ಬದಲಾಗಿದೆ, ಅದಕ್ಕೇ ಕೆಳಗೆ ಗುರುತು ಸಿಗಲಿಲ್ಲ. ಪಕ್ಕದಲ್ಲಿ ಹೆಂಡತಿ ಮಂಡಿ ನೀವಿಕೊಳ್ಳುತ್ತಿದ್ದಾಳೆ, ಲಿಫ್ಟಿದೆ, ಮಗಳ ಮನೆ ಎರಡು ಬೀದಿ ಆಚೆ, ಇನ್ನೇನು ಬೇಕು ನಮಗೆ, ನಾವು ನೋಡ್ತಿರೋ ಒಂಬತ್ತನೇ ಮನೆ ಇದು, ಇದಕ್ಕೂ ಕೊಂಕು ತೆಗೆದ್ರೆ ನಾನೊಬ್ಬಳೇ ಬಂದು ಇರ್ತೀನಿ ನೋಡಿ. ದಲ್ಲಾಳಿ ಹಲ್ಲು ಕಿರಿಯುತ್ತಾನೆ, ಇಲ್ಲಿರೋರೆಲ್ಲ ರಿಟೈರಾದೋರೇ ಸಾರ್, ಗಲಾಟೆ ಅನ್ನೋದೇ ಇಲ್ಲ, ಸಂಜೆಯೊಳಗೆ ಹೇಳಿಬಿಡಿ.

ಖಾಲಿ ಮನೆ, ಅಡುಗೆಮನೆಯ ಕಿಟಕಿ, ಅದರ ಬೆಳಕಿನಲ್ಲಿ ಅವಳು ಆಗಲೇ ಡಬ್ಬಿಗಳಿಗೆ ಜಾಗ ಗೊತ್ತುಮಾಡುತ್ತಿದ್ದಾಳೆ, ಇವನು ಮಾತ್ರ ಈ ಲಿಫ್ಟ್ ಕೂರಿಸುತ್ತಿದ್ದ ಆ ದಿನದಲ್ಲಿ ನಿಂತಿದ್ದಾನೆ, ಕೈಯಲ್ಲಿ ಕಬ್ಬಿಣ ಉಜ್ಜುವ ಅರ, ಲಿಫ್ಟ್ ಜಾರುವ ಎರಡು ಕಂಬಿ ಸೇರುವಲ್ಲಿ ಉಗುರಿನಷ್ಟು ಏರು, ಅರ್ಧ ಗಂಟೆ ಉಜ್ಜಿದರೆ ಮುಗಿಯಿತು, ಅಷ್ಟರಲ್ಲಿ ಕೆಳಗಿನಿಂದ ಕಾವಲುಗಾರ ಕೂಗುತ್ತಾನೆ, ಮೇಸ್ತ್ರೀ, ಹೆಣ್ಣು ಮಗು, ಬೇಗ ಹೋಗಿ — ಅರವನ್ನು ತೊಲೆಯ ಮೇಲೆ ಬಿಟ್ಟು ಓಡಿದ್ದ, ನಾಲ್ಕು ದಿನ ಬಿಟ್ಟು ಬಂದರೆ ಲಿಫ್ಟ್ ಓಡುತ್ತಿತ್ತು, ಯಾರೂ ದೂರಲಿಲ್ಲ, ಇವನೂ ತುಟಿ ಪಿಟಕ್ಕೆನ್ನಲಿಲ್ಲ. ಅಪಾಯವೇನಿಲ್ಲ, ಅವಮಾನ ಅಷ್ಟೇ, ಆಮೇಲೆ ಕಲಿಯಲು ಬಂದವರಿಗೆಲ್ಲ ಉಗುರು ತಾಗಿದ್ರೂ ತಪ್ಪು ತಪ್ಪೇ ಕಣ್ರೋ ಎಂದು ಬೈದದ್ದೇ ಬೈದದ್ದು, ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ದಿನಕ್ಕೆ ನಾಲ್ಕು ಸಲ ಈ ಕುಲುಕು ಉಂಡು ಸಾಯುವವರೆಗೆ ಹೇಗೆ ಇರುವುದು, ಇಲ್ಲ, ಬಂದು ಇದ್ದುಬಿಡಬೇಕು, ಮೊದಲ ವಾರವೇ ಉಜ್ಜಿಬಿಡಬೇಕು, ಯಾರೋ ಗಾಳಿಗಾಗಿ ನೆಲೆಸುತ್ತಾರೆ, ಯಾರೋ ಮಕ್ಕಳಿಗಾಗಿ, ತಾನು ಒಂದು ಅರಕ್ಕಾಗಿ. ಆಯ್ತು ಕಣೇ, ಇಲ್ಲೇ ಇರೋಣ. ಅವಳು ತಿರುಗಿ ನೋಡುತ್ತಾಳೆ, ನಿಜವಾಗ್ಲೂ?

ಇಳಿಯುವಾಗ ಎದುರುಮನೆಯ ಟೀಚರಮ್ಮ, ಕೋಲು ಹಿಡಿದ ಅವರ ಯಜಮಾನರು, ಬಾಗಿಲು ಮುಚ್ಚಿತು, ಟಕ್, ಮೇಸ್ತ್ರಿಗೆ ತಡೆಯಲಾಗಲಿಲ್ಲ, ಈ ಕುಲುಕು ತೆಗೆದುಬಿಡಬಹುದಮ್ಮ, ನನಗೆ ಅರ್ಧ ಗಂಟೆ ಕೆಲಸ. ಅಯ್ಯಯ್ಯೋ ಬೇಡಪ್ಪಾ, ಇವರಿಗೆ ಕಣ್ಣು ಕಾಣ್ಸೋದಿಲ್ಲ, ಒಬ್ಬರೇ ವಾಕಿಂಗ್ ಹೋಗಿ ಬರ್ತಾರೆ, ಕುಲುಕಿ ನಿಂತ್ರೆ ನಮ್ಮನೆ, ಮಗ ತನ್ನ ಮನೆಗೆ ಬಾ ಬಾ ಅಂತಾನೆ, ಅಲ್ಲಿ ಲಿಫ್ಟು ಬೆಣ್ಣೆ ಥರ ಹೋಗುತ್ತಂತೆ, ಇವರು ಯಾರ ಮನೆಗೆ ನುಗ್ತಾರೋ ಏನೋ, ಅದಕ್ಕೇ ನಾವು ಇಲ್ಲಿಂದ ಕದಲಿಲ್ಲ. ಯಜಮಾನರು ನಗುತ್ತಾರೆ, ಕಟ್ಟಿದೋನು ಪುಣ್ಯಾತ್ಮ.

ಕೆಳಗೆ ಎಲ್ಲರೂ ಇಳಿದರು, ಇವನು ಇಳಿಯಲಿಲ್ಲ, ಏನ್ರೀ, ಮತ್ತೆ ಮನಸ್ಸು ಬದಲಾಯಿಸಿದ್ರಾ, ಇಲ್ಲ ಕಣೇ, ಒಂದು ಸಲ ಮೇಲೆ ಹೋಗಿ ಬರ್ತೀನಿ — ನಾಲ್ಕು ಒತ್ತಿದ, ಕಣ್ಣು ಮುಚ್ಚಿದ, ಅರ ಇನ್ನೂ ತೊಲೆಯ ಮೇಲೇ ಇದೆಯೋ ಏನೋ, ಇದ್ದರೆ ಇರಲಿ, ಮಗಳಿಗೆ ಈ ಚೈತ್ರಕ್ಕೆ ಮೂವತ್ತನಾಲ್ಕು, ಒಂದು, ಎರಡು, ಹೆಣ್ಣು ಮಗು ಮೇಸ್ತ್ರೀ, ಮೂರು —

ಟಕ್.